ಎಣ್ಣೆ ಎರೆಯುವ ರಾತ್ರಿ

ಆಗುಂಬೆ ಕಡೆಯ ಮನೆಗಳಲ್ಲಿ ದೀಪಾವಳಿಯ ಮೊದಲ ಕೆಲಸ ಬೆಂಕಿಪೊಟ್ಟಣ ಒಣಗಿಸುವುದು. ವರ್ಷಕ್ಕೆ ಸರಾಸರಿ 7,500 ಮಿಲಿಮೀಟರಿನ ಆಚೆಗೆ ಮಳೆ ಹೊಯ್ಯುವ ಸೀಮೆ. ಚಿತ್ತಿ ಮಳೆ ಮುಗಿದು ಸ್ವಾತಿ ಹುಟ್ಟಿದರೂ ಗೋಡೆಯ ಪಸೆ ಆರುವುದಿಲ್ಲ, ಕಂಬಳಿಯ ಮುಗ್ಗುಲು ವಾಸನೆ ಬಿಡುವುದಿಲ್ಲ. ಅವ್ವ ಬಚ್ಚಲೊಲೆಯ ದಂಡೆಯ ಮೇಲೆ ಒಂದು ಹಳೇ ಮೊರ ಇಟ್ಟು, ಅದರಲ್ಲಿ ಬೆಂಕಿಪೊಟ್ಟಣ, ಹೊಸೆದ ಬತ್ತಿ, ಹೋದ ವರ್ಷದಿಂದ ಅಟ್ಟದಲ್ಲಿದ್ದ ಹಣತೆ ಎಲ್ಲ ಹರವುತ್ತಿದ್ದಳು. ಅಣ್ಣ ಯಾರಿಗೂ ಕಾಣದ ಹಾಗೆ ತನ್ನ ಪಟಾಕಿ ಸರವನ್ನೂ ಅದೇ ಮೊರದ ಅಂಚಿಗೆ ಸೇರಿಸುತ್ತಿದ್ದ. ಅಜ್ಜಿಗೆ ಮಾತ್ರ ಅದು ಹೇಗೋ ಕಂಡುಬಿಡುತ್ತಿತ್ತು. ಆಮೇಲೆ ಹಬ್ಬದ ತನಕ ಅವಳ ಬೈಗುಳವೇ ಪಟಾಕಿ. ನಿಜವಾದ ಪಟಾಕಿ ಎಷ್ಟು ಒಣಗಿಸಿದರೂ ಅರ್ಧಕ್ಕರ್ಧ ಠುಸ್ಸೆನ್ನುತ್ತಿತ್ತು.

ನಮ್ಮದು ಆಗುಂಬೆಯಿಂದ ಗುಡ್ಡೇಕೇರಿ ದಾಟಿ ಮೇಗರವಳ್ಳಿ ಕಡೆ ಬರುವಾಗ ಟಾರು ರಸ್ತೆ ಬಿಟ್ಟು ಒಳಗಿಳಿದರೆ ಸಿಗುತ್ತಿದ್ದ ಒಂಟಿಮನೆ. ಮುಂದೆ ಗದ್ದೆ, ಹಿಂದೆ ಕಾಡು, ಮಗ್ಗುಲಲ್ಲಿ ಅಂಗೈಯಗಲದ ಅಡಿಕೆ ತೋಟ. ಪಕ್ಕದ ಮನೆ ಎಂದರೆ ಹಳ್ಳದ ಸಂಕ ದಾಟಿ, ಒಂದು ಗುಡ್ಡ ಹತ್ತಿ ಇಳಿದು ಹೋಗಬೇಕು. ಪೇಟೆಯಲ್ಲಿ ಸಾಲುದೀಪ ಹಚ್ಚಿದರೆ ಎದುರು ಮನೆಯವರು ನೋಡುತ್ತಾರೆ, ಬೀದಿಯಲ್ಲಿ ಹೋಗುವವರು ನೋಡುತ್ತಾರೆ. ನಾವು ಜಗಲಿಯ ಉದ್ದಕ್ಕೂ ಹಚ್ಚಿಟ್ಟರೆ ನೋಡುತ್ತಿದ್ದದ್ದು ದನ, ನಾಯಿ ಮತ್ತು ನಾವೇ. ಹಾಗಾಗಿ ನಮ್ಮಲ್ಲಿ ದೀಪವೇ ಕಾಲು ಕಟ್ಟಿಕೊಂಡು ಮನೆಯಿಂದ ಮನೆಗೆ ನಡೆಯುತ್ತಿತ್ತು. ಅಂಟಿಗೆ-ಪಂಟಿಗೆಯವರು ಎಂದರೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯವರಿಗೆ ಬೇರೆ ವಿವರಣೆ ಬೇಡ. ಎಂಟು ಹತ್ತು ಗಂಡಸರು, ಹೆಗಲಿಗೆ ಕಂಬಳಿ, ಕೈಯಲ್ಲಿ ದೊಣ್ಣೆ, ನಡುವೆ ಒಬ್ಬನ ಕೈಯಲ್ಲಿ ಗಾಳಿಗೆ ಮರೆ ಮಾಡಿದ ದೀಪ. ಅಮಾವಾಸ್ಯೆ ಸಂಜೆ ದೇವರ ಮುಂದೆ ಹಚ್ಚಿಕೊಂಡು ಹೊರಟರೆ ಮೂರು ರಾತ್ರಿ ಅದು ಆರಬಾರದು, ನೆಲಕ್ಕೆ ತಾಗಬಾರದು.

ಆ ಹಾಡುಗಳನ್ನು ಜಾನಪದ ವಿದ್ವಾಂಸರು ಬರೆದುಕೊಂಡಿದ್ದಾರೆ, ಆಕಾಶವಾಣಿಯಲ್ಲಿ ಕೇಳಿದ್ದೇವೆ, ಈಗ ವೇದಿಕೆಯ ಮೇಲೂ ಹಾಡುತ್ತಾರೆ. ಎಲ್ಲದರಲ್ಲೂ ಕಾಣುವುದು ದೀಪ ಹೊತ್ತವರು. ನಾನು ಹೆಣ್ಣು, ಹೊತ್ತವಳಲ್ಲ. ನನಗೆ ಗೊತ್ತಿರುವುದು ಬಾಗಿಲ ಒಳಗಿನ ಸಂಗತಿ. ನಡೆದವರು ಗಂಡಸರು ಎನ್ನುವುದು ಸರಿ, ಆದರೆ ದೀಪ ಉರಿದದ್ದು ದಾರಿಯ ಒಂದೊಂದು ಮನೆಯಲ್ಲೂ ನಿದ್ದೆಗೆಟ್ಟು ಕೂತಿದ್ದ ಹೆಂಗಸರ ಎಣ್ಣೆಯಲ್ಲಿ. ಅದನ್ನು ಯಾರೂ ಅಷ್ಟಾಗಿ ಬರೆದದ್ದು ನಾನು ಕಂಡಿಲ್ಲ.

ಹಬ್ಬ ಶುರುವಾಗುತ್ತಿದ್ದದ್ದು ನೀರು ತುಂಬುವುದರಿಂದ. ತ್ರಯೋದಶಿ ಸಂಜೆ ಬಚ್ಚಲ ಹಂಡೆಯನ್ನು ಹುಣಿಸೆಹಣ್ಣು ಹಚ್ಚಿ ಕೆಂಪಗೆ ಹೊಳೆಯುವ ತನಕ ತಿಕ್ಕುವುದು ಹೆಣ್ಣುಮಕ್ಕಳ ಪಾಲಿನ ಕೆಲಸ. ಹಂಡೆಯ ಕೊರಳಿಗೆ ಹಿಂಡಲೆ ಬಳ್ಳಿ ಸುತ್ತಿ, ಹೊಟ್ಟೆಗೆ ಶೇಡಿ ಕೆಮ್ಮಣ್ಣಿನ ಪಟ್ಟೆ ಎಳೆದು, ಬಾವಿಕಟ್ಟೆಗೆ ಹೂ ಅರಿಶಿನ ಏರಿಸಿ, ಸೇದಿದ ಮೊದಲ ಕೊಡದ ನೀರನ್ನು ಬಲೀಂದ್ರನ ಕಲಶಕ್ಕೆ ತೆಗೆದಿಡಬೇಕು. ಅದೇ ರಾತ್ರಿ ಹುಡುಗರ ಬೂರೆ ಕಳವು. ಯಾರದೋ ಹಿತ್ತಲ ಸೌತೆಕಾಯಿ, ಯಾರದೋ ಬಾಳೆಗೊನೆ, ಎಳನೀರು. ಆ ಒಂದು ರಾತ್ರಿ ಕದ್ದರೆ ಕಳ್ಳತನವಲ್ಲ, ಬೆಳಿಗ್ಗೆ ಎದ್ದವರು ಬೈಯುವ ಹಾಗಿಲ್ಲ. ಬೈಯದೆ ಇರುತ್ತಿರಲಿಲ್ಲ, ಅದು ಬೇರೆ ಮಾತು. ಚಪ್ಪರದ ಮೇಲೆ ಹಬ್ಬದ ಕಡುಬಿಗೆಂದು ಉಳಿಸಿಕೊಂಡಿದ್ದ ಒಂದೇ ಒಂದು ದೊಡ್ಡ ಸೌತೆಕಾಯಿ ಹೋಗಿದ್ದರೆ ಯಾವ ಹೆಂಗಸು ತಾನೇ ಸುಮ್ಮನಿರುತ್ತಾಳೆ? ಅಜ್ಜಿ ಉಪಾಯಗಾರ್ತಿ. ಆ ದಿನ ಸಂಜೆಯೇ ಬೆಳೆದ ಕಾಯನ್ನೆಲ್ಲ ಕೊಯ್ದು ಅಕ್ಕಿ ಕಣಜದ ಹಿಂದೆ ಇಟ್ಟು, ಬಳ್ಳಿಯಲ್ಲಿ ಎರಡು ಕಹಿ ಕಾಯಿ ಬಿಟ್ಟಿರುತ್ತಿದ್ದಳು.

ಚತುರ್ದಶಿಯ ಎಣ್ಣೆ ನೀರಿನ ವಿಷಯ ಎಲ್ಲ ಊರಲ್ಲೂ ಒಂದೇ. ಮೈ ಉರಿಯುವಷ್ಟು ಬಿಸಿ ನೀರು, ಕಣ್ಣಿಗೆ ಸೀಗೆ, ಆಮೇಲೆ ಬಗೆಬಗೆಯ ಅವಲಕ್ಕಿ. ಅಷ್ಟು ಸಾಕು.

ಅಮಾವಾಸ್ಯೆಯ ಸಂಜೆ ಅಪ್ಪಯ್ಯ ಹೊರಡುತ್ತಿದ್ದ. ಹೌದು, ನನ್ನ ಅಪ್ಪನೇ ನಮ್ಮ ಸುತ್ತಿನ ಅಂಟಿಗೆ-ಪಂಟಿಗೆಯ ಮುಂದಾಳು. ಅವನು ಒಂದು ಸಾಲು ಎತ್ತಿಕೊಟ್ಟರೆ ಹಿಂದಿನವರು ಹಿಡಿದುಕೊಳ್ಳಬೇಕು. ಮನೆಯಲ್ಲಿ ಅವನು ಹಾಡಿದ್ದನ್ನು ನಾನು ಕೇಳಿಲ್ಲ. ಮಾತೂ ಕಡಿಮೆ. ಕಾಲಿಗೆ ಉಂಬಳ ಹತ್ತದ ಹಾಗೆ ಹೊಗೆಸೊಪ್ಪಿನ ನೀರು ಸವರಿಕೊಂಡು, ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಅವ್ವ ಕೊಟ್ಟ ಎಲೆಯಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸಿ, ಹೋಗಿ ಬರುತ್ತೇನೆ ಎಂದೂ ಹೇಳದೆ ಹೋಗುತ್ತಿದ್ದ. ಅವನು ಹೋದ ಮೇಲೆ ನಾವು ಗದ್ದೆಗೆ ದೀಪ ಇಡಲು ಹೊರಡುತ್ತಿದ್ದೆವು. ಬಿದಿರ ಕಡ್ಡಿಯ ತುದಿ ಸೀಳಿ, ಎಣ್ಣೆಯಲ್ಲಿ ಅದ್ದಿದ ಹಳೇಬಟ್ಟೆಯ ಬತ್ತಿ ಸಿಕ್ಕಿಸಿ, ಹೊತ್ತಿಸಿ, ಗದ್ದೆಯ ಹಾಳಿಗೆ ಒಂದು, ತೋಟದ ದಣಪೆಗೆ ಒಂದು, ಗೊಬ್ಬರಗುಂಡಿಗೆ, ಬಾವಿಗೆ, ಚೌಡಿಯ ಕಲ್ಲಿಗೆ ಒಂದೊಂದು. ಆಗ ಭತ್ತ ತೆನೆ ತುಂಬಿ ಬಾಗಿರುತ್ತದೆ. ಹಬ್ಬಕ್ಕೆ ಹದಿನೈದು ದಿನ ಮೊದಲು ಭೂಮಿ ಹುಣ್ಣಿಮೆಯಲ್ಲಿ ಬಸುರಿಗೆ ಬಯಕೆ ಹಾಕಿದ ಹಾಗೆ ಗದ್ದೆಗೆ ಉಣಿಸಿ ಬಂದಿರುತ್ತೇವೆ, ಈಗ ಅದರ ತಲೆಗೆ ದೀಪ.

ಅಲ್ಲಿಂದ ಮುಂದೆ ಕಾಯುವುದು. ಗಂಡಸರಿಗೆ ಹಬ್ಬದ ರಾತ್ರಿ ನಡೆಯುವುದು, ಹೆಂಗಸರಿಗೆ ಕಾಯುವುದು. ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಹೇಳಲಾಗದು. ಮೊದಲ ರಾತ್ರಿ ಬರಬಹುದು, ಎರಡನೆಯ ರಾತ್ರಿ ಕೋಳಿ ಕೂಗುವ ಹೊತ್ತಿಗೆ ಬರಬಹುದು. ಬಂದಾಗ ಮನೆಯಲ್ಲಿ ಕಡುಬು ಬೆಂದಿರಬೇಕು, ಮೊರದಲ್ಲಿ ಅಕ್ಕಿ, ಕಾಯಿ, ಬೆಲ್ಲದಚ್ಚು, ವೀಳ್ಯ, ಅಡಿಕೆ, ಮೇಲೊಂದು ನಾಣ್ಯ ಇರಬೇಕು, ಗಿಂಡಿಯಲ್ಲಿ ಎಣ್ಣೆ ಇರಬೇಕು. ಅವ್ವ ಒಲೆಯ ಮುಂದೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಬಾಳೆಲೆಯ ಕೊಟ್ಟೆಗಳಿಗೆ ಸೌತೆಕಾಯಿ ಕಡುಬಿನ ಹಿಟ್ಟು ಹೊಯ್ದು ಮುಗಿದಿರುತ್ತಿತ್ತು, ಆದರೆ ಒಲೆಯ ಮೇಲೆ ಇಡುತ್ತಿರಲಿಲ್ಲ. ದೂರದಲ್ಲಿ ದನಿ ಕೇಳಿದ ಮೇಲೇ ಇಡುವುದು. ಅವರು ಸಂಕ ದಾಟಿ, ಗುಡ್ಡ ಇಳಿದು ಬರುವ ಹೊತ್ತೂ ಕಡುಬು ಬೇಯುವ ಹೊತ್ತೂ ಸರಿಹೋಗುತ್ತದೆ ಎನ್ನುವುದು ಅವಳ ಲೆಕ್ಕ. ಮಳೆ ಬಂದು ಹಳ್ಳ ತುಂಬಿದ್ದರೆ ಲೆಕ್ಕ ತಪ್ಪುತ್ತಿತ್ತು.

ಮೊದಲು ಕೇಳುತ್ತಿದ್ದದ್ದು ಹಾಡಲ್ಲ, ನಾಯಿ. ಆಚೆ ಮನೆಯ ನಾಯಿ ಬೊಗಳಿದ್ದಕ್ಕೆ ನಮ್ಮ ನಾಯಿ ಉತ್ತರ ಕೊಡುತ್ತಿತ್ತು. ಆಮೇಲೆ ಕಾಡಿನ ಮರೆಯಲ್ಲಿ ದನಿ ಕೇಳಿ, ಮುಚ್ಚಿ, ಮತ್ತೆ ಹತ್ತಿರದಿಂದ ಕೇಳುತ್ತಿತ್ತು. ಅಷ್ಟರಲ್ಲಿ ಅಜ್ಜಿ ಬಾಗಿಲಿಗೆ ಅಗಳಿ ಹಾಕುತ್ತಿದ್ದಳು. ಬರುವವರು ಗೊತ್ತಿದ್ದರೂ ಬಾಗಿಲು ಮುಚ್ಚಿರಬೇಕು, ಅವರು ಅಂಗಳದಲ್ಲಿ ನಿಂತು ಬಾಗಿಲು ತೆರೆಸುವ ಪದ ಹಾಡಬೇಕು, ಆಮೇಲೆ ತೆರೆಯಬೇಕು.

ನಾನು ಹೇಳಬೇಕೆಂದುಕೊಂಡದ್ದು ಈ ಹೊತ್ತನ್ನು. ಅಪ್ಪಯ್ಯ ತನ್ನ ಮನೆಯ ಅಂಗಳದಲ್ಲೇ ನಿಂತು, ತನ್ನ ಬಾಗಿಲನ್ನು ತೆರೆಯಿರಿ ಎಂದು ಹಾಡುತ್ತಿದ್ದ. ಒಳಗೆ ಅವ್ವ ಅಗಳಿಯ ಮೇಲೆ ಕೈ ಇಟ್ಟುಕೊಂಡು ಪದ ಮುಗಿಯುವ ತನಕ ನಿಂತಿರುತ್ತಿದ್ದಳು. ಬಾಗಿಲು ತೆಗೆದರೆ ಅವನು ನಮ್ಮನ್ನು ಗುರುತೇ ಇಲ್ಲದವನ ಹಾಗೆ ನೋಡುತ್ತಿದ್ದ. ಅಪ್ಪಯ್ಯಾ ಎಂದು ಕೂಗಬಾರದು ಎಂದು ಅಜ್ಜಿ ಮೊದಲೇ ಕಿವಿ ಹಿಂಡಿರುತ್ತಿದ್ದಳು. ಆ ಮೂರು ರಾತ್ರಿ ದೀಪದ ಜೊತೆಗಿರುವವರು ಯಾರ ಮನೆಯವರೂ ಅಲ್ಲ. ಬಲೀಂದ್ರ ತನ್ನ ರಾಜ್ಯ ನೋಡಲು ಬಂದಿದ್ದಾನೆ, ಅವನ ಬೆಳಕು ಹೊತ್ತವರು ಇವರು. ತಮ್ಮ ಒಮ್ಮೆ ತಡೆಯಲಾರದೆ ಓಡಿಹೋಗಿ ಅವನ ಕಂಬಳಿ ಹಿಡಿದುಕೊಂಡಿದ್ದ. ಅಪ್ಪಯ್ಯ ಪದ ನಿಲ್ಲಿಸದೆ, ಒಂದು ಕೈಯಿಂದ ಮೆಲ್ಲಗೆ ಕಂಬಳಿ ಬಿಡಿಸಿಕೊಂಡ.

ಅವ್ವ ಗಿಂಡಿ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದಳು. ದೀಪ ಎಂದರೆ ಒಂದು ಕಬ್ಬಿಣದ ಸೊಡರು. ಅದನ್ನು ಒಂದು ಪಕ್ಕ ಕತ್ತರಿಸಿದ ಎಣ್ಣೆ ಡಬ್ಬಿಯೊಳಗೆ ಕೂರಿಸಿ, ಡಬ್ಬಿಗೆ ತಂತಿಯ ಹಿಡಿ ಕಟ್ಟಿರುತ್ತಿದ್ದರು. ಡಬ್ಬಿಯ ಒಳಮೈ ಮಸಿಯಿಂದ ಕರ್ರಗೆ. ಸೊಡರಿನಲ್ಲಿ ಅಷ್ಟು ಹೊತ್ತಿಗೆ ಎಷ್ಟೋ ಮನೆಯ ಎಣ್ಣೆ ಸೇರಿರುತ್ತಿತ್ತು. ಒಬ್ಬರದು ಎಳ್ಳೆಣ್ಣೆ, ಒಬ್ಬರದು ಕೊಬ್ಬರಿ ಎಣ್ಣೆ, ಬಡವರ ಮನೆಯದು ಕಾಡಿನಿಂದ ಆರಿಸಿ ತಂದು ಗಾಣಕ್ಕೆ ಕೊಟ್ಟ ಹೊನ್ನೆ ಎಣ್ಣೆ. ಹೊನ್ನೆ ಎಣ್ಣೆ ಬಿದ್ದರೆ ಬತ್ತಿ ಚಟಪಟ ಎಂದು ಸಿಡಿದು ಹೊಗೆಯೇಳುತ್ತಿತ್ತು. ಹಬ್ಬ ಮುಗಿದ ಮೇಲೆ ಒಮ್ಮೆ ಅಪ್ಪಯ್ಯ ಅಪರೂಪಕ್ಕೆ ಬಾಯಿ ಬಿಟ್ಟು ಹೇಳಿದ್ದ: “ಯಾರ ಮನೆ ಎಣ್ಣೆ ಎಷ್ಟು ದೂರ ಬರ್ತದೆ ಅಂತ ದೀಪ ಹೊತ್ತವನಿಗೆ ಗೊತ್ತಿರ್ತದೆ. ದೊಡ್ಡ ಮನೆಯದ್ದು ಒಂದೊಂದ್ಸಲ ದಣಪೆ ತನಕವೂ ಬರದಿಲ್ಲ.” ಅವ್ವ ಎರೆಯುತ್ತಿದ್ದಾಗ ಅವನ ಕಣ್ಣು ಬತ್ತಿಯ ಮೇಲಿರುತ್ತಿತ್ತು, ಅವಳ ಕಣ್ಣು ಗಿಂಡಿಯ ಮೂತಿಯ ಮೇಲೆ. ಇಬ್ಬರೂ ಮುಖ ನೋಡಿಕೊಳ್ಳುತ್ತಿರಲಿಲ್ಲ. ಅವಳು ಆ ಜ್ವಾಲೆಯಿಂದ ನಮ್ಮ ಹಣತೆ ಹಚ್ಚಿಕೊಂಡು ಒಳಗೆ ಒಯ್ದು ಬಲೀಂದ್ರನ ಕಲಶದ ಮುಂದೆ ಇಟ್ಟು, ಮೊರ ತಂದು ಅವರ ಜೋಳಿಗೆಗೆ ಸುರಿಯುತ್ತಿದ್ದಳು. ತಂಡ ಮನೆ ಹರಸುವ ಪದ ಹಾಡುತ್ತಿತ್ತು. ದನ ಹೆಚ್ಚಲಿ, ತೆನೆ ಹೆಚ್ಚಲಿ, ಮಕ್ಕಳು ಹೆಚ್ಚಲಿ ಎಂದು. ನಮ್ಮಪ್ಪನೇ ನಮಗೆ ಪರವೂರ ಯಜಮಾನನ ಹಾಗೆ ಹರಸಿ, ಬಿಸಿ ಕಡುಬನ್ನು ನಿಂತಲ್ಲೇ ಬಾಯಿಗೆ ಹಾಕಿಕೊಂಡು, ಮುಂದಿನ ಮನೆಗೆ ನಡೆದುಬಿಡುತ್ತಿದ್ದ.

ಒಡೆಯರ ಮನೆಯಲ್ಲಿ ಹೀಗಿರಲಿಲ್ಲ ಎಂದು ಚಿಕ್ಕಪ್ಪ ಹೇಳುತ್ತಿದ್ದ. ನಾವು ಗೇಣಿ ಒಕ್ಕಲು. ಹಬ್ಬಕ್ಕೆ ಮೊದಲು ಬಾಳೆಗೊನೆ, ಸೌತೆಕಾಯಿ ಹೊತ್ತು ಒಡೆಯರ ಮನೆಗೆ ಕಾಣಿಕೆ ಕೊಟ್ಟು ಬರುವುದಿತ್ತು. ರಾತ್ರಿ ದೀಪ ಅಲ್ಲಿಗೆ ಹೋದರೆ ತಂಡ ಅಂಗಳದಲ್ಲೇ ನಿಲ್ಲಬೇಕು, ಮನೆಯ ಅಮ್ಮನವರು ಜಗಲಿಯ ಮೇಲಿನಿಂದ ಕೈ ಎತ್ತರಿಸಿ ಎಣ್ಣೆ ಎರೆಯುತ್ತಿದ್ದರು, ಗಿಂಡಿ ಸೊಡರಿಗೆ ತಾಗದ ಹಾಗೆ. ಎತ್ತರದಿಂದ ಬಿದ್ದ ಎಣ್ಣೆ ಅರ್ಧ ಕೈಮೇಲೆ ಚೆಲ್ಲುತ್ತಿತ್ತಂತೆ. ಆದರೆ ಆ ಸೊಡರಿನಿಂದ ಹಚ್ಚಿಕೊಂಡ ದೀಪ ಮಾತ್ರ ಸೀದಾ ಅವರ ದೇವರ ಕೋಣೆಗೆ ಹೋಗುತ್ತಿತ್ತು. ಬೆಂಕಿಗೆ ಮೈಲಿಗೆಯಿಲ್ಲವಲ್ಲ. ಅದನ್ನು ಹೊತ್ತ ಕೈಗೆ ಇತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ ಕಥೆಯನ್ನು ಇದೇ ಚಿಕ್ಕಪ್ಪ ನಮಗೆ ಹೇಳಿದವನು. ದೇವರಾಜ ಅರಸರ ಕಾಲದಲ್ಲಿ, 1974ರ ಭೂಸುಧಾರಣೆಯ ಕಾನೂನು ಬಂದ ಮೇಲೆ, ನಮ್ಮ ಮನೆಯವರೂ ಡಿಕ್ಲರೇಷನ್ ಕೊಟ್ಟರು. ಗದ್ದೆ ನಮ್ಮದಾಯಿತು. ಕಾಣಿಕೆಯ ಬಾಳೆಗೊನೆ ಆ ವರ್ಷದಿಂದ ನಮ್ಮ ಅಟ್ಟದಲ್ಲೇ ಹಣ್ಣಾಗತೊಡಗಿತು. ಅಂಟಿಗೆ-ಪಂಟಿಗೆ ಮಾತ್ರ ಒಡೆಯರ ಮನೆಗೆ ಹೋಗುವುದನ್ನು ಬಿಡಲಿಲ್ಲ. ದೀಪ ಯಾವ ಮನೆಯನ್ನೂ ಬಿಟ್ಟು ಹೋಗುವ ಹಾಗಿಲ್ಲ ಎಂದು ಅಪ್ಪಯ್ಯನ ಹಟ. ಎಣ್ಣೆ ಎರೆಯುವ ಕೈ ಮೆಲ್ಲಮೆಲ್ಲಗೆ ಕೆಳಗಿಳಿಯಿತು ಎಂದು ಕೇಳಿದ್ದೇನೆ.

ಘಟ್ಟದ ಕೆಳಗೆ ಬಲೀಂದ್ರನನ್ನು ಕರೆಯುವ ಬಗೆ ಬೇರೆ. ಅತ್ತೆಯೊಬ್ಬಳನ್ನು ಹೆಬ್ರಿ ಕಡೆಗೆ ಕೊಟ್ಟಿತ್ತು. ಆಗುಂಬೆ ಘಾಟಿಯ 14 ತಿರುವು ಇಳಿದು ಸೋಮೇಶ್ವರ ಮುಟ್ಟಿದರೆ ಭಾಷೆಯೂ ಬದಲು, ಬಲಿಯೂ ಬದಲು. ಅಲ್ಲಿ ಅಂಗಳದಲ್ಲಿ ಕಂಬ ನೆಟ್ಟು, ಗದ್ದೆಗೆ ದೀಪ ಒಯ್ದು, ಕತ್ತಲಿಗೆ ಮುಖ ಮಾಡಿ ಬಲೀಂದ್ರನನ್ನು ತುಳುವಿನಲ್ಲಿ ಕೂಗಿ ಕರೆಯುತ್ತಾರೆ, ಕೊನೆಗೆ ಎಲ್ಲರೂ ಸೇರಿ ಕೂ ಹಾಕುತ್ತಾರೆ. ಆ ಕರೆಯಲ್ಲಿ ಒಂದು ಷರತ್ತಿನ ಪಟ್ಟಿಯಿದೆ: ಲೋಕದಲ್ಲಿ ಎಂದೂ ಆಗದ ಇಂಥಿಂಥ ಸಂಗತಿಗಳು ಆದ ದಿನ ಬಂದು ನಿನ್ನ ರಾಜ್ಯ ತೆಗೆದುಕೋ, ಅಲ್ಲಿಯ ತನಕ ವರ್ಷಕ್ಕೊಮ್ಮೆ ಬಂದು ಹೋಗು ಎಂದು. ಅತ್ತೆ ಅದನ್ನು ನಗುತ್ತ ಹೇಳುತ್ತಿದ್ದಳು. ಅಜ್ಜಿ ನಗುತ್ತಿರಲಿಲ್ಲ. ಕೊಟ್ಟ ಮಾತಿಗೆ ತಲೆಯನ್ನೇ ಒಡ್ಡಿದ ಅರಸನಿಗೆ ಇಷ್ಟು ಮೋಸ ಮಾಡಿದ ಮೇಲೆ ಮೂರು ದಿನದ ಕಡುಬು ಯಾವ ಲೆಕ್ಕ ಎನ್ನುವುದು ಅವಳ ವಾದ. ನಮ್ಮ ಕಡೆಯ ಅಜ್ಜಿಯರು ಈ ವಿಷಯದಲ್ಲಿ ವಾಮನನ ಪಕ್ಷ ವಹಿಸಿದ್ದನ್ನು ನಾನು ನೋಡಿಲ್ಲ. ಇತ್ತ ಗುಡ್ಡೇಕೇರಿಯ ಹತ್ತಿರದ ಕುಂದಾದ್ರಿ ಬೆಟ್ಟದ ಮೇಲೆ ಪಾರ್ಶ್ವನಾಥನ ಬಸದಿ. ಜೈನರಿಗೆ ಅದೇ ಅಮಾವಾಸ್ಯೆ ಮಹಾವೀರನ ನಿರ್ವಾಣದ ದಿನ, ನಸುಕಿಗೇ ಅವರ ಪೂಜೆ. ಒಂದೇ ಕತ್ತಲಿಗೆ ಬೇರೆ ಬೇರೆ ಮನೆಯಲ್ಲಿ ಬೇರೆ ಬೇರೆ ಕಾರಣಕ್ಕೆ ದೀಪ.

ಪಾಡ್ಯದ ದಿನ ಪೂರ್ತಿ ಕೊಟ್ಟಿಗೆಯದು. ಮಲೆನಾಡು ಗಿಡ್ಡ ತಳಿಯ ದನಗಳು ಗಾತ್ರದಲ್ಲಿ ಸಣ್ಣವು, ಪೊಗರಿನಲ್ಲಿ ಅಲ್ಲ. ಮೈ ತೊಳೆದು, ಶೇಡಿ ಕೆಮ್ಮಣ್ಣು ಕಲಸಿ, ಸಿದ್ದೆಯ ಬಾಯನ್ನು ಅದ್ದಿ ಮೈತುಂಬ ಉಂಗುರ ಒತ್ತುವುದು ಮಕ್ಕಳ ಕೆಲಸ. ಕೊರಳಿಗೆ ಚೆಂಡುಹೂ, ಹಸಿ ಅಡಿಕೆ, ಪಚ್ಚೆತೆನೆ ಪೋಣಿಸಿದ ಸರ, ಜೊತೆಗೆ ಉಪ್ಪಿಲ್ಲದ ಚಪ್ಪೆರೊಟ್ಟಿ. ಪೂಜೆ ಮುಗಿಸಿ ಬಿಟ್ಟರೆ ಹುಡುಗರು ಸರ ಹರಿಯಲು ಹಿಂದೆ ಓಡುತ್ತಿದ್ದರು. ನಮ್ಮ ಕೌಲಿ ಪ್ರತಿ ವರ್ಷ ಬೇರೆ ದನದ ಕೊರಳ ಸರವನ್ನು ತಿಂದು ಮುಗಿಸುತ್ತಿದ್ದಳು. ಸಂಜೆ ಭೂತಕ್ಕೆ, ಚೌಡಿಗೆ ಕಾಯಿ ಒಡೆಸುವುದು. ಕೋಳಿಯ ಸರದಿ ಮರುದಿನ.

ಅಪ್ಪಯ್ಯ ಒಂದು ಶ್ರಾವಣದಲ್ಲಿ, ಹೊರಗೆ ಮಳೆ ಹಿಡಿದು ಕೂತಿದ್ದಾಗ, ಜ್ವರದಲ್ಲಿ ಹೋದ. ಆ ವರ್ಷ ನಮಗೆ ಹಬ್ಬವಿಲ್ಲ. ವರ್ಷಾಂತಿಕ ಮುಗಿಯದೆ ಬಾಗಿಲಿಗೆ ತೋರಣ ಕಟ್ಟುವ ಹಾಗಿಲ್ಲ, ಒಲೆಯ ಮೇಲೆ ಕಡುಬು ಇಡುವ ಹಾಗಿಲ್ಲ. ಸಂಕದ ಆಚೆಯ ಮನೆಯವರು ಬುಟ್ಟಿಯಲ್ಲಿ ಹೋಳಿಗೆ ಕೊಟ್ಟು ಕಳಿಸಿದರು. ಅಂಟಿಗೆ-ಪಂಟಿಗೆಯವರು ನಮ್ಮ ಗದ್ದೆಯ ಹಾಳಿಯ ಮೇಲೆ ಹಾಡದೆ ದಾಟಿ ಹೋದರು. ಅಷ್ಟು ಜನ ಗಂಡಸರು ಬಾಯಿ ಮುಚ್ಚಿಕೊಂಡು ನಡೆದುಹೋಗುವುದನ್ನು ನಾಯಿ ನಂಬಲಿಲ್ಲ, ಅವರು ಕಾಡು ಹೊಕ್ಕ ಮೇಲೂ ಬೊಗಳುತ್ತಲೇ ಇತ್ತು.

ಮರುವರ್ಷ ಬಂದರು. ಎತ್ತಿಕೊಡುವವನು ಈಗ ಚಿಕ್ಕಪ್ಪ, ಎರಡು ಪದಕ್ಕೊಮ್ಮೆ ಸಾಲು ಮರೆಯುತ್ತಿದ್ದ. ಅವ್ವ ಎಂದಿನ ಹಾಗೆ ನಾಯಿ ಬೊಗಳಿದ ಮೇಲೆ ಕಡುಬು ಇಟ್ಟಳು, ಮೊರ ತುಂಬಿಸಿದಳು, ಗಿಂಡಿಗೆ ಎಣ್ಣೆ ಹಾಕಿದಳು, ಅಗಳಿ ತೆಗೆದಳು. ತೆಗೆದವಳು ಬಾಗಿಲ ಹಿಂದಕ್ಕೆ ಸರಿದು ಗಿಂಡಿಯನ್ನು ನನ್ನ ಕೈಗೆ ಕೊಟ್ಟಳು. “ನೀನು ಎರಿ.” ಎಣ್ಣೆ ಎರೆಯುವುದು ಮುತ್ತೈದೆಯರು, ಕನ್ಯೆಯರು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಾನು ಎರೆದೆ. ಬತ್ತಿ ಹೊಸೆದವಳು ಅವಳು, ಎಳ್ಳು ಕೊಟ್ಟು ಗಾಣದಿಂದ ಎಣ್ಣೆ ತರಿಸಿದವಳು ಅವಳು, ರಾತ್ರಿಯಿಡೀ ಎದ್ದಿದ್ದವಳು ಅವಳು. ನನ್ನದು ಕೈ ಮಾತ್ರ. ನನಗೆ ಆಗ ಸಿಟ್ಟು ಬಂದಿತ್ತು ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಬಂದದ್ದು ಬಹಳ ಮುಂದೆ.

ನಾನು ಮದುವೆಯಾಗಿ ಸಾಗರದ ಕಡೆಗೆ ಹೋದೆ. ಅಣ್ಣನಿಗೆ ಶಿವಮೊಗ್ಗೆಯಲ್ಲಿ ಕೆಲಸ, ತಮ್ಮ ಓದಲು ಹೋದ, ಅಜ್ಜಿ ತೀರಿಕೊಂಡಳು. ಒಂದು ದೀಪಾವಳಿಗೆ ಮನೆಯಲ್ಲಿ ಅವ್ವ ಒಬ್ಬಳೇ. ಮುಂದೆ ಏನಾಯಿತು ಎನ್ನುವುದು ಅವಳ ಬಾಯಿಂದ ಬಂದದ್ದಲ್ಲ, ಚಿಕ್ಕಪ್ಪ ಹೇಳಿದ್ದು. ಬಾಗಿಲು ತೆರೆಯಿತಂತೆ. ಎರೆಯುವವರು ಯಾರು ಎಂದು ತಂಡದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಅವ್ವ ಗಿಂಡಿ ಹಿಡಿದು ಮೆಟ್ಟಿಲಿಳಿದು ಬಂದು, “ಎಂತ ನೋಡ್ತೀರಾ, ದೀಪ ಸಣ್ಣ ಆಗ್ತಾ ಉಂಟು, ಹಿಡೀರಿ ಇತ್ತ” ಎಂದಳಂತೆ. ಚಿಕ್ಕಪ್ಪ ಡಬ್ಬಿಯನ್ನು ಅವಳ ಕೈ ಮಟ್ಟಕ್ಕೆ ತಗ್ಗಿಸಿ ಹಿಡಿದ. ಆಮೇಲೆ ಪ್ರತಿ ವರ್ಷ ಅವಳೇ ಎರೆದಳು. ಆಚೀಚೆ ಮನೆಯವರು ಒಂದು ವರ್ಷ ಆಡಿಕೊಂಡರು, ಎರಡನೆಯ ವರ್ಷ ಬಿಟ್ಟರು, ಕೆಲವು ವರ್ಷದಲ್ಲಿ ಹಳ್ಳದ ಆಚೆಯ ಇನ್ನೊಬ್ಬ ವಿಧವೆಯೂ ಗಿಂಡಿ ಹಿಡಿದಳು. ಸಭೆ ಸೇರಿ ಆದ ಸುಧಾರಣೆಯಲ್ಲ ಇದು. ಮನೆಯಲ್ಲಿ ಬೇರೆ ಜನ ಇರಲಿಲ್ಲ, ದೀಪ ಸಣ್ಣದಾಗುತ್ತಿತ್ತು, ಅಷ್ಟೆ.

ನಾನು ಸೇರಿದ ಮನೆ ತುಮರಿಯ ಕಡೆ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತಾಗ ಅತ್ತೆಯ ತವರು ಮುಳುಗಿತು. ಅವರಿಗೆ ದೀಪಾವಳಿ ಎಂದರೆ ದೊಡ್ಡಹಬ್ಬ. ಗೋಡೆಗೆ ಹಸೆ ಚಿತ್ತಾರ ಬರೆಯುವುದರಲ್ಲಿ ಅವರ ಕೈ ಎತ್ತಿದ ಕೈ. ಆದರೆ ಹಬ್ಬದ ಮಾತು ಬಂದರೆ ಅತ್ತೆ ಮೊದಲು ಹೇಳುತ್ತಿದ್ದದ್ದು ನೀರೊಳಗೆ ಹೋದ ದಾರಿಯನ್ನು: ಅಂಟಿಗೆ-ಪಂಟಿಗೆಯವರು ಇಂಥ ಮನೆಯಿಂದ ಇಂಥ ಮನೆಗೆ, ಅಲ್ಲಿಂದ ಹೊಳೆ ದಾಟಿ ಇಂಥ ಮನೆಗೆ ಎಂದು ಬೆರಳು ಮಡಚುತ್ತ. ಅರ್ಧ ಹೆಸರು ಹೇಳುವಷ್ಟರಲ್ಲಿ ದಾರಿ ಹಿನ್ನೀರಿಗೆ ಇಳಿದುಬಿಡುತ್ತಿತ್ತು. ಉಳಿದ ಮನೆಗಳು ಚೆದುರಿ ಎಲ್ಲೆಲ್ಲಿಗೋ ಹೋದವು. ನಾನು ಹೋದಾಗ ಆ ಮನೆಯಲ್ಲಿ ಕರೆಂಟಿರಲಿಲ್ಲ. ನಾಡಿಗೆಲ್ಲ ಬೆಳಕು ಕೊಟ್ಟ ನೀರು ಅಂಗಳದ ಕೆಳಗೆ ಹೊಳೆಯುತ್ತಿತ್ತು, ನಾವು ಬುಡ್ಡಿ ಹಚ್ಚುತ್ತಿದ್ದೆವು. ಈ ಮಾತನ್ನು ಈಗಾಗಲೇ ಬೇಕಾದಷ್ಟು ಭಾಷಣಗಳಲ್ಲಿ ಕೇಳಿ ಅದರ ಕಾವು ಹೋಗಿದೆ, ನಾನು ಅದರಲ್ಲಿ ನಿಲ್ಲುವುದಿಲ್ಲ. ನಮ್ಮ ದಡದಲ್ಲೇ ಉಳಿದ ಮನೆಗಳವರು ಸೇರಿ ಒಂದು ಸಣ್ಣ ತಂಡ ಕಟ್ಟಿಕೊಂಡಿದ್ದರು. ಅದೂ ಹುಡುಗರು ಬೆಂಗಳೂರು ಸೇರಿದ ಹಾಗೆ ಕರಗಿತು. ಹಬ್ಬಕ್ಕೆ ಬರುವ ಮಕ್ಕಳು ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಸರದಿ ನಿಂತು, ಕೊನೆಯ ಲಾಂಚು ತಪ್ಪಿದರೆ ಆ ದಡದಲ್ಲೇ ರಾತ್ರಿ ಕಳೆದು ಬರುತ್ತಿದ್ದರು.

2025ರ ಜುಲೈಯಲ್ಲಿ ಸೇತುವೆ ತೆರೆಯಿತು. ಆ ದೀಪಾವಳಿಗೆ ನೀರಿನ ಆಚೆಯಿಂದ ಒಂದು ತಂಡ ಜೀಪಿನಲ್ಲಿ ಬಂತು. ಜೀಪಿನಲ್ಲಿ ದೀಪ ತರುವುದಕ್ಕೆ ಮೂಗು ಮುರಿಯುವವರಿದ್ದಾರೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಎತ್ತಿಕೊಡುವ ಯಜಮಾನರಿಗೆ ಎರಡೂ ಮಂಡಿ ನೋವು, ಜೀಪಿಲ್ಲದಿದ್ದರೆ ಅವರ ಹಾಡೇ ಇಲ್ಲ. ಹುಡುಗರಿಗೆ ಪದ ಬಾಯಿಗೆ ಬರುವುದಿಲ್ಲ, ಮೊಬೈಲು ನೋಡಿಕೊಂಡು ಹಾಡುತ್ತಾರೆ. ಅದೂ ಆಗಲಿ. ನನ್ನ ತಕರಾರು ಬೇರೆಯದಕ್ಕೆ. ಹಿತ್ತಾಳೆಯ ಲಾಟೀನಿನಂಥ ಚೆಂದದ ಗೂಡಿನಲ್ಲಿ ದೀಪ ಇಟ್ಟುಕೊಂಡಿದ್ದರು. ನಾನು ಗಿಂಡಿ ಹಿಡಿದು ಮೆಟ್ಟಿಲಿಳಿದರೆ ಮುಂದೆ ನಿಂತಿದ್ದ ಹುಡುಗ, “ಎಣ್ಣೆ ಬ್ಯಾಡ ಅಮ್ಮ, ನಮ್ಹತ್ರ ಬಾಟ್ಲಿ ಐತೆ. ಒಂದೊಂದು ಮನೇದು ಒಂದೊಂದು ಎಣ್ಣೆ ಹಾಕಿದ್ರೆ ಗಾಜು ಮಸಿ ಹಿಡೀತದೆ” ಎಂದ. ಇನ್ನೊಬ್ಬ ಜೀಪಿನ ಬಾಗಿಲಿಗೆ ಅಂಟಿಸಿದ್ದ ಫೋನ್‌ಪೇ ಚೀಟಿಯ ಮೇಲೆ ಟಾರ್ಚು ಬಿಟ್ಟ.

“ದುಡ್ಡು ಅದಕ್ಕೇ ಹಾಕ್ತೇನೆ, ಬೇಜಾರಿಲ್ಲ. ದೀಪದ ಗಾಜು ತೆಗಿ ಮೊದಲು” ಎಂದೆ.

ಹುಡುಗ ಯಜಮಾನರ ಮುಖ ನೋಡಿದ. ಅವರು ಜೀಪಿನಲ್ಲಿ ಕೂತಲ್ಲಿಂದಲೇ ಗದರಿದರು: “ತೆಗಿಯಾ, ಎಣ್ಣೆ ಎರಿಸ್ಕಳ್ದೆ ಬರಕ್ಕೆ ನಾವೇನು ಕರೆಂಟ್ ಬಿಲ್ ಕೊಡೋರಾ?” ಗಾಜಿನ ಬಾಗಿಲು ಬಿಸಿಯಾಗಿತ್ತು, ಹುಡುಗ ಅಂಗಿಯ ಚುಂಗಿನಿಂದ ಹಿಡಿದು ತೆಗೆದ. ಎರೆದೆ. ಎಳ್ಳೆಣ್ಣೆ, ಅಂಗಡಿಯದೇ, ಗಾಣದ್ದಲ್ಲ. ಹಣತೆ ಹಚ್ಚಿಕೊಂಡು ಒಳಗಿಟ್ಟು, ಮೊರದ ಅಕ್ಕಿ ಸುರಿದು, ಸೊಸೆಯ ಫೋನಿನಿಂದ ದುಡ್ಡೂ ಹಾಕಿಸಿದೆ. ಹೊರಡುವಾಗ ಹುಡುಗ ಸಮಾಧಾನಕ್ಕೆಂದು, “ಮುಂದಿನ ವರ್ಷ ನಿಮ್ಮನೆಗೆ ಒಂಬತ್ತು ಗಂಟೆ ಒಳಗೇ ಬಂದ್ಬಿಡ್ತೀವಿ ಅಮ್ಮ, ನಿಮಗೂ ನಿದ್ದೆ ಕೆಡದಿಲ್ಲ” ಎಂದ.

“ಒಂಬತ್ತಕ್ಕೆ ಬಂದ್ರೆ ನಿಂಗೆ ಕಡುಬು ಸಿಗದಿಲ್ಲ ಮಾರಾಯ, ಹಿಟ್ಟೇ ರುಬ್ಬಿರದಿಲ್ಲ. ನಿಮ್ಮ ಹೊತ್ತಿಗೇ ಬನ್ನಿ. ಸೇತುವೆ ದಾಟುವಾಗ ಒಂದು ಹಾರನ್ ಹೊಡೀರಿ, ಆವಾಗ ಇಡ್ತೇನೆ” ಎಂದೆ.